ವಿದ್ಯಾರ್ಥಿಯ ಮುಖವೂ ಯಂತ್ರದ ಕಣ್ಣೂ

ಶ್ರೀಮಠದ ಸದ್ಭಕ್ತರೂ, ಇಲ್ಲಿನ ವಿದ್ಯಾರ್ಥಿನಿಲಯದಲ್ಲಿ ಪ್ರಸಾದ ಸ್ವೀಕರಿಸಿ ಓದಿ ಇಂದು ನಾನಾ ಕಡೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೂ ಈ ಲೇಖನವನ್ನು ತುಸು ತಾಳ್ಮೆಯಿಂದ ಓದಬೇಕೆಂದು ಮೊದಲಲ್ಲಿಯೇ ಕೇಳಿಕೊಳ್ಳುತ್ತೇವೆ. ನಾವಿಲ್ಲಿ ವಿರೋಧಿಸಲಿರುವ ಸಲಹೆಯು ಪರಕೀಯರಿಂದ ಬಂದುದಲ್ಲ. ಮಠದ ಮೇಲೆ ನಿಜವಾದ ಅಭಿಮಾನವುಳ್ಳ, ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಕೆಲವು ಹಳೆಯ ವಿದ್ಯಾರ್ಥಿಗಳೇ ಕೂಡಿ ಅದನ್ನು ಮುಂದಿಟ್ಟಿದ್ದಾರೆ. ನಾಗಲಮಡಿಕೆ ಸೀಮೆಯ ನಮ್ಮ ಶಾಲೆಯ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಅಳವಡಿಸಬೇಕು. ಅವು ಮಕ್ಕಳ ಮುಖಭಾವ, ಕಣ್ಣಿನ ನೋಟ, ಧ್ವನಿಯ ಏರಿಳಿತ, ಕುಳಿತ ಭಂಗಿ ಇವೆಲ್ಲವನ್ನೂ ದಾಖಲಿಸಿಕೊಳ್ಳಬೇಕು. ಯಾವ ಮಗು ಎಷ್ಟು ಗಮನವಿಟ್ಟಿತು, ಯಾವ ಮಗುವಿಗೆ ಪಾಠ ತಿಳಿಯಲಿಲ್ಲ ಎಂಬುದನ್ನು ಸಂಜೆಯ ಹೊತ್ತಿಗೆ ಯಂತ್ರವು ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರ ಕೈಗೆ ಕೊಡಬೇಕು. ಖರ್ಚನ್ನು ತಾವೇ ಭರಿಸುತ್ತೇವೆಂದೂ ಅವರು ಹೇಳಿದ್ದಾರೆ. ಹಣ ಕೊಡುವವರಿಗೆ ‘ಬೇಡ’ ಎನ್ನುವುದು ಯಾವ ಸಂಸ್ಥೆಗೂ ಕಷ್ಟದ ಮಾತು. ಆದರೂ ಬೇಡವೆನ್ನುತ್ತೇವೆ. ಏಕೆ ಬೇಡ, ಬದಲಿಗೆ ಏನು ಬೇಕು ಎಂಬುದನ್ನು ತಮ್ಮೆಲ್ಲರ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯ.

ಈ ವಿದ್ಯೆಯ ಮೂಲವೇನೂ ಕೆಟ್ಟದಲ್ಲ. ಬಹುವಿಧ ದತ್ತಾಂಶಗಳಿಂದ ಕಲಿಕೆಯನ್ನು ಅರಿಯುವ ಈ ಶಾಸ್ತ್ರಕ್ಕೆ ೨೦೧೨ರ ಸುಮಾರಿಗೆ ವಿದ್ವಾಂಸರಲ್ಲಿ ಪ್ರತ್ಯೇಕವಾದ ಹೆಸರು ಬಿದ್ದಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಪಾವ್ಲೊ ಬ್ಲಿಕ್‌ಸ್ಟೈನ್, ಮಾರ್ಸೆಲೊ ವರ್ಸ್‌ಲಿ ಮೊದಲಾದವರು ವಿದ್ಯಾರ್ಥಿಗಳ ಕೈಗೆ ಸಾಮಾನ್ಯ ಸಾಮಗ್ರಿಗಳನ್ನು ಕೊಟ್ಟು ಏನನ್ನಾದರೂ ಕಟ್ಟಲು ಹೇಳಿ, ಆಗ ಅವರ ಕೈ ಹೇಗೆ ಚಲಿಸುತ್ತದೆ, ಬಾಯಿ ಏನು ಮಾತನಾಡುತ್ತದೆ ಎಂಬುದನ್ನು ಜೊತೆಜೊತೆಯಾಗಿ ಗಮನಿಸಿದರು. ಪ್ರಶ್ನೆಪತ್ರಿಕೆಯ ಬಲೆಗೆ ಬೀಳದ ಕಲಿಕೆಯೊಂದು ಕೈಯಲ್ಲಿರುತ್ತದೆ, ಅದನ್ನು ಕಾಣಬೇಕು ಎಂಬುದು ಅವರ ಹಂಬಲ. ಕಾಯಕದ ತತ್ತ್ವವನ್ನು ನಂಬಿದ ನಮಗೆ ಇದಕ್ಕಿಂತ ಪ್ರಿಯವಾದ ಮಾತು ಇನ್ನಾವುದಿದ್ದೀತು? ನೇಯುವವನ, ಮಡಕೆ ಮಾಡುವವನ, ದೋಣಿ ನಡೆಸುವವನ ಅರಿವು ಅಕ್ಷರಸ್ಥನ ಅರಿವಿಗಿಂತ ಕಡಿಮೆಯದಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಪರಂಪರೆ ನಮ್ಮದು. ಆದುದರಿಂದ ಸ್ವಾಮಿಗಳು ವಿಜ್ಞಾನಕ್ಕೆ ಹೆದರಿ ಹಿಂಜರಿಯುತ್ತಿದ್ದಾರೆ ಎಂದು ಯಾರೂ ಭಾವಿಸಬಾರದು. ನಮ್ಮ ತಕರಾರಿರುವುದು ಆ ಶಾಸ್ತ್ರದ ಹೆಸರು ಹೇಳಿಕೊಂಡು ಪೇಟೆಗೆ ಬಂದಿರುವ ಸರಕಿನ ಬಗ್ಗೆ.

ಆ ಸರಕಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ೨೦೧೮ರಲ್ಲಿ ಚೀನಾದ ಹಾಂಗ್‌ಝೌ ನಗರದ ಒಂದು ಪ್ರೌಢಶಾಲೆಯಲ್ಲಿ ಕ್ಯಾಮರಾಗಳು ಪ್ರತಿ ೩೦ ಸೆಕೆಂಡಿಗೊಮ್ಮೆ ಮಕ್ಕಳ ಮುಖಗಳನ್ನು ಓದಿ ಸಂತೋಷ, ದುಃಖ, ಕೋಪ, ಭಯ ಎಂದು ವಿಂಗಡಿಸತೊಡಗಿದವು. ಪರಿಣಾಮವೇನಾಯಿತು? ಯಾವುದೋ ಕಾಣದ ಕಣ್ಣು ಸದಾ ತಮ್ಮ ಮೇಲಿರುವಂತೆ ತೋರುವುದರಿಂದ ಮನಸ್ಸನ್ನು ಅತ್ತಿತ್ತ ಹರಿಯಬಿಡಲು ಧೈರ್ಯವಾಗದೆಂದು ಅಲ್ಲಿನ ವಿದ್ಯಾರ್ಥಿ ಪತ್ರಿಕೆಯವರೊಡನೆ ಹೇಳಿಕೊಂಡ. ಮರುವರ್ಷ, ೨೦೧೯ರಲ್ಲಿ, ಅದೇ ಪ್ರಾಂತದ ಜಿನ್‌ಹ್ವಾದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಿ ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದರು. ಗಮನವಿದ್ದರೆ ಒಂದು ಬಣ್ಣದ ದೀಪ, ಇಲ್ಲದಿದ್ದರೆ ಇನ್ನೊಂದು. ದೀಪ ಬೆಳಗುವುದು ಹಣೆಯ ಮೇಲೆ, ಇಡೀ ತರಗತಿಗೆ ಕಾಣುವಂತೆ. ವಿಭೂತಿ ಧರಿಸುವ ಸ್ಥಳದಲ್ಲಿ ಎಂತಹ ಲಾಂಛನ ಬಂದಿತೆಂದು ತಾವೇ ಆಲೋಚಿಸಿ. ಜನರಿಂದ ಟೀಕೆಯೆದ್ದ ಮೇಲೆ ಅಲ್ಲಿನ ಅಧಿಕಾರಿಗಳೇ ಅದನ್ನು ನಿಲ್ಲಿಸಿದರು. ಐರೋಪ್ಯ ಒಕ್ಕೂಟವು ೨೦೨೪ರಲ್ಲಿ ಮಾಡಿದ ಕೃತಕ ಬುದ್ಧಿಮತ್ತೆಯ ಕಾಯಿದೆಯು, ಶಾಲೆಗಳಲ್ಲಿ ಮತ್ತು ಕೆಲಸದ ಸ್ಥಳಗಳಲ್ಲಿ ಯಂತ್ರದಿಂದ ಮನೋಭಾವವನ್ನು ಊಹಿಸುವುದನ್ನು ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನುಳಿದು ನಿಷೇಧಿಸಿದೆ. ೨೦೨೫ರ ಫೆಬ್ರವರಿ ೨ರಿಂದ ಆ ನಿಷೇಧ ಜಾರಿಗೆ ಬಂದಿದೆ. ಶ್ರೀಮಂತ ದೇಶಗಳು ತಮ್ಮ ಮಕ್ಕಳಿಗೆ ಸಲ್ಲದೆಂದು ಹೊರಗಿಟ್ಟ ವಸ್ತುವನ್ನು ನಾವು ಪಾವಗಡದ ಮಕ್ಕಳಿಗೆ ಉಡುಗೊರೆಯಾಗಿ ತರಬೇಕೇ?

ಮುಖವು ಮನಸ್ಸಿನ ಕನ್ನಡಿಯೆಂಬ ಗಾದೆಯನ್ನು ನಂಬಿ ಈ ಯಂತ್ರಗಳನ್ನು ಮಾಡಿದ್ದಾರೆ. ಗಾದೆ ಗಾದೆಯೇ ಹೊರತು ಪ್ರಮಾಣವಲ್ಲ. ೨೦೧೯ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಶೋಧಿಸಿ, ಮುಖದ ಚಲನೆಯೊಂದರಿಂದಲೇ ಒಳಗಿನ ಭಾವವನ್ನು ನೆಚ್ಚಿಕೆಯಿಂದ ಹೇಳಲಾಗದೆಂಬ ನಿರ್ಣಯಕ್ಕೆ ಬಂದರು. ಕೋಪ ಬಂದವರು ಹುಬ್ಬು ಗಂಟಿಕ್ಕುವುದು ಸರಾಸರಿ ನೂರಕ್ಕೆ ಮೂವತ್ತು ಸಂದರ್ಭಗಳನ್ನು ಮೀರುವುದಿಲ್ಲ. ಕೋಪವೇ ಇಲ್ಲದೆ ಹುಬ್ಬು ಗಂಟಿಕ್ಕುವ ಸಂದರ್ಭಗಳೂ ಹಲವಾರು. ಲೆಕ್ಕದಲ್ಲಿ ಮುಳುಗಿದ ಹುಡುಗನ ಹುಬ್ಬನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಯಂತ್ರದ ಕಣ್ಣು ಎಲ್ಲ ಮೈಬಣ್ಣಗಳನ್ನೂ ಒಂದೇ ಸಮನಾಗಿ ಕಾಣುತ್ತದೆಯೆಂದೂ ತಿಳಿಯಬೇಡಿ. ೨೦೧೮ರಲ್ಲಿ ಜಾಯ್ ಬ್ಯೂಲಮ್‌ವೀನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ವಿದುಷಿಯರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಹೆಸರಾಂತ ಕಂಪೆನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಕಪ್ಪು ಹೆಂಗಸರ ವಿಷಯದಲ್ಲಿ ಅದು ನೂರಕ್ಕೆ ೩೪.೭ರವರೆಗೆ ಏರಿತು. ಆ ಬಳಿಕ ಯಂತ್ರಗಳು ಸುಧಾರಿಸಿವೆಯೆಂದು ಹೇಳುತ್ತಾರೆ, ಇರಲಿ. ಬಿಸಿಲಿನಲ್ಲಿ ಬೆಳೆದ ನಮ್ಮ ಹುಡುಗಿಯರ ಮುಖಗಳ ಮೇಲೆ ಆ ಸುಧಾರಣೆಯನ್ನು ಯಾರು ಪರೀಕ್ಷಿಸಿದರು?

ನಮ್ಮಲ್ಲಿ ಅವಧಾನವೆಂಬ ಕಲೆಯಿದೆ. ಎಂಟು ಮಂದಿ ಎಂಟು ದಿಕ್ಕಿನಿಂದ ಪ್ರಶ್ನೆ ಹಾಕುತ್ತಿರುವಾಗ ಅವಧಾನಿಯು ಕಣ್ಣು ಮುಚ್ಚಿಯೋ ಸೂರು ನೋಡುತ್ತಲೋ ಕುಳಿತಿರುತ್ತಾನೆ. ಯಂತ್ರದ ಲೆಕ್ಕದಲ್ಲಿ ಅವನ ಗಮನ ಸೊನ್ನೆ.

ಈಗ ನಮ್ಮ ಸೀಮೆಗೆ ಬರೋಣ. ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆಯನ್ನು ಅಂತ್ಯ ಸುಬ್ರಹ್ಮಣ್ಯನ ಕ್ಷೇತ್ರವೆಂದು ಎಲ್ಲರೂ ಬಲ್ಲರು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಪೈಕಿ ಪಾವಗಡವನ್ನು ಆಂಧ್ರದ ನೆಲವು ಬಹುಪಾಲು ಸುತ್ತುವರಿದಿದೆ. ಹೋಬಳಿಯ ಎಷ್ಟೋ ಮನೆಗಳಲ್ಲಿ ತಾಯಿ ಮಗುವಿಗೆ ಜೋಗುಳ ಹಾಡುವುದು ತೆಲುಗಿನಲ್ಲಿ. ಶಾಲೆಯಲ್ಲಿ ಪಾಠ ಕನ್ನಡದಲ್ಲಿ. ಉಪಾಧ್ಯಾಯರು ‘ಎಪ್ಪತ್ತು’ ಎಂದಾಗ ಮಗುವಿನ ಮನಸ್ಸು ಅದನ್ನು ‘ಡೆಬ್ಬೈ’ ಎಂದು ಮಾಡಿಕೊಂಡು, ಅಲ್ಲಿ ಕೂಡಿ ಕಳೆದು, ಬಂದ ಉತ್ತರವನ್ನು ಮತ್ತೆ ಕನ್ನಡಕ್ಕೆ ತಂದುಕೊಳ್ಳುತ್ತದೆ. ಈ ಹೋಗಿಬರುವ ಗಳಿಗೆಯಲ್ಲಿ ಮಗು ಮೌನವಾಗಿರುತ್ತದೆ, ಕಣ್ಣು ಎಲ್ಲಿಯೋ ನೆಟ್ಟಿರುತ್ತದೆ. ಒಂದು ತರಗತಿಯಲ್ಲಿ ನಡೆಯುವ ಅತ್ಯಂತ ಕಠಿಣವಾದ ಬೌದ್ಧಿಕ ಪರಿಶ್ರಮ ಅದು. ಯಂತ್ರವು ಅದನ್ನು ಆಲಸ್ಯವೆಂದು ಬರೆದುಕೊಳ್ಳುತ್ತದೆ. ಧ್ವನಿಯನ್ನು ಅಳೆದರೂ ಇದೇ ಪಾಡು: ತೆಲುಗಿನ ಒತ್ತು ಬಿದ್ದ ಕನ್ನಡವನ್ನು ಬೆಂಗಳೂರಿನ ಕನ್ನಡ ಕೇಳಿ ಕಲಿತ ತಂತ್ರಾಂಶವು ತಡವರಿಕೆಯೆಂದು ಎಣಿಸಿದರೆ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯವನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಇದ್ದುದರಿಂದ ತಲೆಮಾರುಗಳ ಹಲ್ಲು ಕಂದುಗಟ್ಟಿತು, ಮೂಳೆ ಬಾಗಿತು. ಹಲ್ಲು ಕಲೆಗಟ್ಟಿದ ಹುಡುಗಿ ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮೊಣಕಾಲು ನೋಯುವ ಹುಡುಗ ಕುಳಿತಲ್ಲಿ ಕುಳಿತಿರಲಾರ. ಒಬ್ಬಳಿಗೆ ‘ಸಂತೋಷವಿಲ್ಲ’, ಇನ್ನೊಬ್ಬನಿಗೆ ‘ಚಂಚಲ’ ಎಂಬ ಷರಾ ಬೀಳುತ್ತದೆ. ಬಡತನವನ್ನೂ ರೋಗವನ್ನೂ ಮಗುವಿನ ಸ್ವಭಾವದೋಷವೆಂದು ಅನುವಾದಿಸುವ ಈ ಪಟ್ಟಿಯನ್ನು ಓದಿ ಮುಖ್ಯೋಪಾಧ್ಯಾಯರು ಏನು ಮಾಡಬೇಕೆಂದು ನಮ್ಮ ಎಂಜಿನಿಯರು ಮಿತ್ರರು ಹೇಳಿಲ್ಲ. ನೀರನ್ನು ಬದಲಿಸುವ ಗುಂಡಿ ಆ ಯಂತ್ರದಲ್ಲಿಲ್ಲ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ತಂದೆತಾಯಿಗಳು ಬೆಂಗಳೂರಿಗೆ ಕೂಲಿಗೆ ಹೋಗಿ ಅಜ್ಜಿಯ ಬಳಿ ಉಳಿದ ಮಗುವಿನ ಕಣ್ಣು ಬಾಗಿಲ ಕಡೆಗೆ ಹೊರಳುವುದನ್ನು ಯಂತ್ರ ಎಣಿಸಬಲ್ಲದು. ಏಕೆ ಹೊರಳುತ್ತದೆಂದು ಆ ಊರಿನ ಉಪಾಧ್ಯಾಯಿನಿಯನ್ನು ಕೇಳಿ, ಎರಡು ಮಾತಿನಲ್ಲಿ ಹೇಳುತ್ತಾಳೆ.

ನಾಗಲಮಡಿಕೆ ಹೋಬಳಿಗೆ ದೊಡ್ಡ ಯಂತ್ರಗಳು ಹೊಸತಲ್ಲ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು ೧೩,೦೦೦ ಎಕರೆಯಲ್ಲಿ ಹರಡಿರುವ ೨,೦೫೦ ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ೨೦೧೮ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಬಂಜರು ಬಿದ್ದಿದ್ದ ಬಿಸಿಲನ್ನು ಕೊಯ್ದು ನಾಡಿಗೆ ಬೆಳಕು ಕೊಟ್ಟಿತು, ಒಪ್ಪತಕ್ಕದ್ದೇ. ಅಲ್ಲಿ ಭೂಮಿ ರೈತರ ಹೆಸರಿನಲ್ಲಿಯೇ ಉಳಿಯಿತು; ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಬಾಡಿಗೆಯೆಂದು ಕರಾರಾಯಿತು. ಭೂಮಿಯಿಲ್ಲದ ಕೂಲಿಕಾರರ ಕೆಲಸ ಹೋಯಿತು, ಬಾಡಿಗೆ ಬರಲಿಲ್ಲ. ಈ ಅನುಭವವುಳ್ಳ ಜನರಿಗೆ ನಾವೊಂದು ಪ್ರಶ್ನೆ ಕೇಳುತ್ತೇವೆ: ನಿಮ್ಮ ಹೊಲದ ಬಿಸಿಲಿಗಾದರೂ ಕರಾರುಪತ್ರವಿತ್ತು, ನಿಮ್ಮ ಮಗುವಿನ ಮುಖಕ್ಕೆ ಏನಿದೆ? ದಿನಕ್ಕೆ ಆರು ಗಂಟೆ, ವರ್ಷಕ್ಕೆ ಇನ್ನೂರು ಚಿಲ್ಲರೆ ದಿನ, ಮುಖ ಧ್ವನಿ ನೋಟಗಳನ್ನು ಸಂಗ್ರಹಿಸಿಕೊಂಡು ಹೋದವರು ಅದರಿಂದ ಇನ್ನಷ್ಟು ಚುರುಕಾದ ತಂತ್ರಾಂಶ ಮಾಡಿ ಇನ್ನೊಂದು ಶಾಲೆಗೆ ಮಾರುತ್ತಾರೆ. ಮಗುವಿಗೆ ಉಳಿಯುವುದು ಷರಾ.

ಸರ್ಕಾರವೂ ಇದೇ ದಾರಿ ಹಿಡಿದಿದೆಯಲ್ಲ ಎನ್ನುವವರಿದ್ದಾರೆ. ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ಅಧಿಕಾರಿಗಳು ದೂರದಿಂದ ನೇರವಾಗಿ ವೀಕ್ಷಿಸಿದರು. ನಕಲು ನಿಂತಿತು, ಅದು ಒಳ್ಳೆಯದೇ. ೨೦೨೩ರಲ್ಲಿ ನೂರಕ್ಕೆ ೮೩.೮೯ ಇದ್ದ ಉತ್ತೀರ್ಣತೆ ಆ ವರ್ಷ ೭೩.೪೦ಕ್ಕೆ ಬಂದಿತು, ಅದೂ ಕೃಪಾಂಕವನ್ನು ನೂರಕ್ಕೆ ೨೦ಕ್ಕೆ ಏರಿಸಿದ ಮೇಲೆ. ಇದರ ಅರ್ಥವನ್ನು ಗಮನಿಸಬೇಕು. ಕ್ಯಾಮರಾ ಒಂದು ಸತ್ಯವನ್ನು ತೋರಿಸಿತು: ಮಕ್ಕಳಿಗೆ ಬರುತ್ತದೆಯೆಂದು ನಾವು ನಂಬಿದ್ದುದು ಅವರಿಗೆ ಬರುತ್ತಿರಲಿಲ್ಲ. ಆ ಸತ್ಯಕ್ಕೆ ಸಿಕ್ಕ ಮದ್ದು ಕೃಪಾಂಕ! ಜ್ವರ ಅಳೆಯುವ ಕಡ್ಡಿಯನ್ನು ಕೊಂಡು ತಂದ ಮನೆಯವರು ಔಷಧಿಯ ಅಂಗಡಿಗೆ ಹೋಗುವ ಬದಲು ಕಡ್ಡಿಯ ಮೇಲಿನ ಗೆರೆಯನ್ನು ಜರುಗಿಸಿದಂತಾಯಿತು. ೨೦೨೫ರಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ‘ನಿರಂತರ’ ಎಂಬ ವ್ಯವಸ್ಥೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತರುವ ಘೋಷಣೆಯಾಯಿತು. ಶಿಕ್ಷಣತಜ್ಞರು ಅದಕ್ಕೆ ಆಕ್ಷೇಪವೆತ್ತಿದರು. ಬಿಸಿಯೂಟ, ಹಾಲು, ಮೊಟ್ಟೆ, ಹಾಜರಿ, ಒಂದೊಂದಕ್ಕೂ ವರದಿ ತುಂಬಿ ತುಂಬಿ ಬಳಲಿರುವ ಉಪಾಧ್ಯಾಯರು ಮಗುವಿನ ಹೆಸರು ಕೂಗಿ ‘ಬಂದಿದ್ದೇನೆ ಸಾರ್’ ಎಂಬ ಉತ್ತರ ಕೇಳುವ ಒಂದು ಗಳಿಗೆಯಾದರೂ ಉಳಿದಿತ್ತು. ಹೆಸರು ಕೂಗುವುದು ಬರಿಯ ಲೆಕ್ಕವೆಂದು ತಿಳಿದವರು ತರಗತಿಯಲ್ಲಿ ನಿಂತವರಲ್ಲ.

ಕಾನೂನು ಕಾಪಾಡೀತೆಂಬ ಭರವಸೆಯೂ ಅಷ್ಟಕ್ಕಷ್ಟೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಹದಿನೆಂಟು ತುಂಬದವರ ನಡವಳಿಕೆಯನ್ನು ಬೆನ್ನುಹತ್ತಿ ನೋಡಬಾರದೆಂಬ ಮಾತಿದೆ. ಆದರೆ ೨೦೨೫ರ ನವೆಂಬರಿನಲ್ಲಿ ಹೊರಬಂದ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಸುರಕ್ಷತೆಯ ಸಲುವಾಗಿ ವಿದ್ಯಾಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿವೆ. ಅಂದರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ನಮ್ಮಂತಹ ಸಂಸ್ಥೆಗಳ ಕೈಗೇ ಕೊಟ್ಟಿದ್ದಾರೆ. ಅದನ್ನು ಹೇಗೆ ಬಳಸುತ್ತೇವೆಂಬುದು ನಮ್ಮ ಅಂತಃಸಾಕ್ಷಿಗೆ ಬಿಟ್ಟ ವಿಷಯವಾಯಿತು.

‘ಹಾಗಾದರೆ ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದೆ ಬಿದ್ದವರನ್ನು ಒಬ್ಬ ಉಪಾಧ್ಯಾಯ ಗುರುತಿಸುವುದು ಹೇಗೆ?’ ಇದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಕರ್ನಾಟಕವೇ ಒಮ್ಮೆ ಕಂಡುಕೊಂಡಿತ್ತು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಾರ್ಡುಗಳಲ್ಲಿ ಹಂಚಿ, ಏಣಿಯಂತೆ ಗೋಡೆಗೆ ತೂಗುಹಾಕಿದರು. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗುವೇ ನೋಡಿ ಮುಂದಿನ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಮಗು ಹಾಡಿದ್ದು, ಗೀಚಿದ್ದು, ಕಾಳು ಜೋಡಿಸಿದ್ದು, ಆಡಿದ್ದು ಎಲ್ಲವೂ ಅಲ್ಲಿ ದತ್ತಾಂಶವೇ. ಅದು ಮಗುವಿನ ಕಣ್ಣೆದುರಿಗೇ ಇತ್ತು, ಯಾವುದೋ ಊರಿನ ಯಂತ್ರದ ಹೊಟ್ಟೆಯಲ್ಲಿರಲಿಲ್ಲ. ವೀರಶೈವ ದೀಕ್ಷೆಯಲ್ಲಿ ಗುರುವು ಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕೊಡುತ್ತಾನೆ. ತನ್ನನ್ನು ತಾನು ನೋಡಿಕೊಳ್ಳುವ ಅಧಿಕಾರ ಅಲ್ಲಿಂದ ಶಿಷ್ಯನದು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಸ್ಥಲಗಳನ್ನು ಹೇಳಿದ ನಮ್ಮ ಹಿರಿಯರು ಸಾಧಕನ ಏಳಿಗೆಗೆ ಹಂತಗಳಿವೆಯೆಂಬುದನ್ನು ಬಲ್ಲವರಾಗಿದ್ದರು. ಯಾವ ಹಂತದಲ್ಲಿದ್ದಾನೆಂದು ಸಾಧಕನ ಮುಖ ನೋಡಿ ಮೂರನೆಯವನೊಬ್ಬ ಅಂಕ ಹಾಕುವ ಏರ್ಪಾಡನ್ನು ಮಾತ್ರ ಅವರು ಮಾಡಲಿಲ್ಲ.

ಮಠಗಳ ವಿದ್ಯಾರ್ಥಿನಿಲಯಗಳಲ್ಲಿಯೂ ನೋಡುವ ಕಣ್ಣುಗಳಿದ್ದವು. ತುಮಕೂರಿನ ಸಿದ್ಧಗಂಗಾ ಮಠದಂತಹ ಕಡೆ ಸಾವಿರಾರು ಮಕ್ಕಳು ಸಾಲಾಗಿ ಪ್ರಸಾದಕ್ಕೆ ಕುಳಿತಾಗ, ಬಡಿಸುವವರಿಗೆ ಎರಡನೆಯ ಮುದ್ದೆ ಬೇಡವೆಂದ ಹುಡುಗನ ನೆನಪಿರುತ್ತದೆ. ಮರುದಿನವೂ ಬೇಡವೆಂದರೆ ಜ್ವರವೋ, ಊರಿನಿಂದ ಕಾಗದ ಬಂದಿದೆಯೋ, ಪರೀಕ್ಷೆಯ ಭಯವೋ ಎಂದು ವಿಚಾರಿಸುತ್ತಾರೆ. ತಮ್ಮಲ್ಲಿ ಎಷ್ಟೋ ಮಂದಿ ಇಂತಹ ವಿಚಾರಣೆಯಿಂದ ಉಳಿದು ಓದಿದವರೇ. ಹಳೆಯದೆಲ್ಲವೂ ಚೆನ್ನಾಗಿತ್ತೆಂದು ನಾವು ಹಾಡಿ ಹೊಗಳುವುದಿಲ್ಲ. ಕೆಲವು ನಿಲಯಪಾಲಕರ ನೋಟದ ತುದಿಯಲ್ಲಿ ಬೆತ್ತವಿದ್ದುದನ್ನೂ ತಾವು ಮರೆತಿರಲಾರಿರಿ. ಬೆತ್ತದ ಕಾಲ ಮುಗಿಯಿತೆಂದು ನೆಮ್ಮದಿಯಾಗಿರುವಾಗ, ಎಂದಿಗೂ ದಣಿಯದ, ಎಂದಿಗೂ ಮರೆಯದ ಇನ್ನೊಂದು ಬೆತ್ತವನ್ನು ಗೋಡೆಗೆ ಜಡಿಯಬೇಕೆನ್ನುವುದು ಯಾವ ನ್ಯಾಯ? ಬಡಿಸುವವನು ನೋಡಿದ್ದನ್ನು ಹುಡುಗ ದೊಡ್ಡವನಾಗುವಷ್ಟರಲ್ಲಿ ಮರೆಯುತ್ತಿದ್ದ. ಮರೆವೂ ಒಂದು ಬಗೆಯ ಕರುಣೆ. ಆರನೆಯ ತರಗತಿಯಲ್ಲಿ ತೂಕಡಿಸಿದ ದಾಖಲೆಯು ಇಪ್ಪತ್ತೈದನೆಯ ವಯಸ್ಸಿನಲ್ಲಿ ಕೆಲಸ ಕೇಳಲು ಹೋದಾಗ ಎದುರಿಗೆ ಬರಬಾರದು.

ಈ ಶಾಸ್ತ್ರದಿಂದ ನಾವು ತೆಗೆದುಕೊಳ್ಳಬಹುದಾದುದನ್ನು ತೆಗೆದುಕೊಳ್ಳೋಣ. ಮೂರು ಬಗೆಯ ಸಾಕ್ಷ್ಯ ನಮಗೆ ಸಾಕು. ತಿಂಗಳಿಗೊಮ್ಮೆ ಪ್ರತಿ ಮಗುವೂ ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಅದನ್ನು ಧ್ವನಿಮುದ್ರಿಸಿ ಹಿಂದಿನ ತಿಂಗಳಿನದರೊಡನೆ ಮಗುವಿಗೇ ಕೇಳಿಸಬೇಕು. ಲೆಕ್ಕದ ಪುಸ್ತಕದಲ್ಲಿ ಹೊಡೆದುಹಾಕಿದ ಸಾಲುಗಳನ್ನು ಉಳಿಸಬೇಕು. ತಪ್ಪು ಎಲ್ಲಿ ಹುಟ್ಟಿತೆಂದು ಅವೇ ಹೇಳುತ್ತವೆ. ಮಗು ಕೈಯಾರೆ ಮಾಡಿದ ಒಂದು ವಸ್ತು, ಅದು ಬುಟ್ಟಿಯಾಗಲಿ, ಭೂಪಟವಾಗಲಿ, ಮಾಡುವಾಗ ಆಡಿದ ಮಾತಿನ ಸಹಿತ ಉಪಾಧ್ಯಾಯರ ಟಿಪ್ಪಣಿಯಲ್ಲಿ ಸೇರಬೇಕು. ತೆಲುಗು ಮನೆಮಾತಿನ ಮಗು ಮೊದಲು ತೆಲುಗಿನಲ್ಲಿ ಹೇಳಿ ಆಮೇಲೆ ಕನ್ನಡದಲ್ಲಿ ಹೇಳಿದರೆ ಎರಡನ್ನೂ ಬರೆದುಕೊಳ್ಳಬೇಕು. ಇವು ಶಾಲೆಯ ಹೊರಗೆ ಹೋಗತಕ್ಕದ್ದಲ್ಲ. ವರ್ಷ ಮುಗಿದಾಗ ಮಗುವಿನ ಮನೆಯವರಿಗೆ ಕೊಟ್ಟು ಶಾಲೆಯ ಪ್ರತಿಯನ್ನು ಅಳಿಸತಕ್ಕದ್ದು. ಇದಕ್ಕೆ ಬೇಕಾದುದು ಕೇಳುವ ಕಿವಿ. ಕಿವಿಗೆ ಸಂಬಳ ಕೊಡಬೇಕು.

ಆದುದರಿಂದ ಕ್ಯಾಮರಾಗಳಿಗೆಂದು ತೆಗೆದಿರಿಸಿರುವ ಹಣವನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಹಿಂತೆಗೆದುಕೊಳ್ಳಬಾರದೆಂದು ಕೋರುತ್ತೇವೆ. ಕನ್ನಡ ತೆಲುಗು ಎರಡನ್ನೂ ಬಲ್ಲ, ನಾಗಲಮಡಿಕೆ ಸೀಮೆಯಲ್ಲಿಯೇ ಮನೆಯಿರುವ ಇಬ್ಬರು ಉಪಾಧ್ಯಾಯಿನಿಯರನ್ನು ಮುಂದಿನ ಶಾಲಾವರ್ಷದ ಆರಂಭಕ್ಕೆ ನೇಮಿಸಿಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ. ಮೂರು ವರ್ಷಗಳ ಸಂಬಳಕ್ಕೆ ಜವಾಬ್ದಾರಿ ಹೊರಬಲ್ಲವರು ಮಠದ ಕಚೇರಿಗೆ ಬರೆದು ತಿಳಿಸಬಹುದು. ಧ್ವನಿಮುದ್ರಣದ ವ್ಯವಸ್ಥೆಯನ್ನು ಹೊರಗಿನ ಕಂಪೆನಿಯ ಹಂಗಿಲ್ಲದೆ ಮಾಡಿಕೊಡಬಲ್ಲ ಎಂಜಿನಿಯರುಗಳು ಒಂದು ಭಾನುವಾರ ಬಿಡುವು ಮಾಡಿಕೊಂಡು ಶಾಲೆಗೆ ಬರಲಿ, ಮಕ್ಕಳೊಡನೆ ಪ್ರಸಾದಕ್ಕೆ ಕುಳಿತುಕೊಳ್ಳಲಿ. ಸಲಕರಣೆ ಯಾವುದು ಬೇಕೆಂಬುದನ್ನು ಆಮೇಲೆ ಗೊತ್ತುಮಾಡೋಣ.